ಕುಮಟಾದಿಂದ ಗೋಕರ್ಣಕ್ಕೆ ನಡ್ಕೊಂಡು, ಆಮೇಲೆ ಯಾಣ: ಚಿಕ್ಕಪ್ಪನ ಜೊತೆ ಕರಾವಳಿ ಸುತ್ತಾಟ

ಗೋಕರ್ಣಕ್ಕೆ ಹೋಗಿ ಬಂದವರು ಬೇಕಾದಷ್ಟು ಜನ ಇದ್ದಾರೆ. ರಾತ್ರಿ ಬಸ್ ಹತ್ತೋದು, ಬೆಳಿಗ್ಗೆ ಇಳಿದು ದೇವಸ್ಥಾನ, ಓಂ ಬೀಚು, ಒಂದು ಸನ್‌ಸೆಟ್ಟು, ಮತ್ತೆ ರಾತ್ರಿ ಬಸ್. ಆದರೆ ಕುಮಟಾದ ಸಮುದ್ರದ ದಡದಿಂದ ಶುರು ಮಾಡಿ ಗುಡ್ಡ ಹತ್ತಿ ಇಳಿದು, ಮರಳಲ್ಲಿ ನಡೆದು, ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೇನ ದೋಣೀಲಿ ದಾಟಿ, ಮತ್ತೆ ಗುಡ್ಡ ಹತ್ತಿ ಗೋಕರ್ಣಕ್ಕೆ ಇಳಿಯೋ ಒಂದು ಕಾಲುದಾರಿ ಇದೆ, ಎಲ್ಲಾ ಸೇರಿ 24 ಕಿ.ಮೀ. ಆಸುಪಾಸು ಆಗುತ್ತೆ. ಟ್ರೆಕ್ಕಿಂಗ್ ಗುಂಪುಗಳು ವೀಕೆಂಡಲ್ಲಿ ಇದನ್ನ ಮುಗಿಸಿಬಿಡ್ತಾರೆ. ನಾವು ಹಾಗೆ ಮಾಡ್ಲಿಲ್ಲ. ದಿನಕ್ಕೊಂದು ತುಂಡು ನಡೆಯೋದು, ರಾತ್ರಿ ಯಾರದ್ದಾದ್ರೂ ಹೋಂಸ್ಟೇನಲ್ಲಿ ಮಲಗೋದು, ಮಧ್ಯಾಹ್ನ ಬಿಸಿಲಲ್ಲಿ ಸುಮ್ನೆ ಕೂರೋದು ಅಂತ ಮೊದಲೇ ಮಾತಾಡ್ಕೊಂಡಿದ್ವಿ. ಜನವರಿ ತಿಂಗಳು, ಬೆಳಗಿನ ಹೊತ್ತು ಸ್ವಲ್ಪ ಚಳಿ, ಹತ್ತು ಗಂಟೆ ಮೇಲೆ ಬೆವರು.

ಜೊತೆಗೆ ಬಂದಿದ್ದು ನಮ್ಮ ಚಿಕ್ಕಪ್ಪ. ಅವರು ಕೊಂಕಣ ರೈಲು ಬರೋಕೂ ಮುಂಚೆ ಕುಮಟಾದಲ್ಲಿ ಬ್ಯಾಂಕ್ ಕೆಲಸದಲ್ಲಿದ್ರು, ಆಗ ಭಾನುವಾರ ಬಂತಂದ್ರೆ ಈ ಗುಡ್ಡಗಳಲ್ಲೇ ಓಡಾಡ್ತಿದ್ರಂತೆ. ರಿಟೈರ್ ಆದ ಮೇಲೆ "ಪುಟ್ಟೀ, ಒಂದ್ಸಲ ಆ ದಾರೀಲಿ ಮತ್ತೆ ನಡೀಬೇಕು ಕಣೇ" ಅಂತ ಹೇಳ್ತಾನೇ ಇದ್ರು. ಈ ಸಲ ಕೂಡಿ ಬಂತು.

ಶುಕ್ರವಾರ, ಕುಮಟಾದಿಂದ ಬಾಡದ ತನಕ

ಸಂಜೆ ಬೆಂಗಳೂರಿಂದ ಹೊರಡೋ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬಂದ್ರೆ ಬೆಳಿಗ್ಗೆ ಬೆಳಿಗ್ಗೆನೇ ಕುಮಟಾದಲ್ಲಿ ಇಳೀಬಹುದು. ಸ್ಟೇಷನ್ ಹತ್ರ ಆಟೋ ಹಿಡಿದು ಪೇಟೆಗೆ ಬಂದು ಬನ್ಸು, ಭಾಜಿ ತಿಂದು ಹೆಡ್ ಬಂದರಿನ ಕಡೆ ಹೊರಟ್ವಿ. ಈಗ ಅಲ್ಲಿ ನೋಡಿದ್ರೆ ಇದೊಂದು ದೊಡ್ಡ ಬಂದರಾಗಿತ್ತು ಅಂತ ನಂಬೋದೇ ಕಷ್ಟ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೀತಿದ್ದಾಗ ಇಂಗ್ಲೆಂಡಿನ ಮಿಲ್ಲುಗಳಿಗೆ ಅಲ್ಲಿಂದ ಹತ್ತಿ ಬರೋದು ನಿಂತುಹೋಯ್ತು, ಆಗ ಧಾರವಾಡ, ಹುಬ್ಬಳ್ಳಿ ಸೀಮೆ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಇಲ್ಲಿಗೇ ಬರ್ತಿತ್ತು, ಇಲ್ಲಿಂದ ಹಡಗಲ್ಲಿ ಹೋಗೋದು. ಇಂಗ್ಲಿಷರ ವ್ಯಾಪಾರದ ಲೆಕ್ಕಪತ್ರದಲ್ಲಿ ಆ ಹತ್ತಿಗೆ 'ಕೂಂಪ್ಟಾ ಕಾಟನ್' ಅಂತಾನೇ ಹೆಸರು ಬಿತ್ತು. ಬೆಳೆದಿದ್ದು ಬಯಲುಸೀಮೆ, ಹೆಸರು ಮಾತ್ರ ಕರಾವಳಿದು. ಆಮೇಲೆ ಒಳನಾಡಿಗೆ ರೈಲು ಬಂದು ಹತ್ತಿ ಬೇರೆ ದಾರಿ ಹಿಡೀತು, ಇಲ್ಲಿ ಹಡಗುಗಳೂ ಹೋದ್ವು.

ವನ್ನಳ್ಳಿ ಕಡೆ ಮರಳಲ್ಲಿ ಒಂದಷ್ಟು ಜನ ಎರಡು ಸಾಲಲ್ಲಿ ಹಗ್ಗ ಎಳೀತಿದ್ರು. ರಂಪಣಿ! ನಾನು ಅದನ್ನ ಕೇಳಿದ್ದೆ ಅಷ್ಟೇ, ನೋಡಿರಲಿಲ್ಲ. ದೋಣೀಲಿ ಬಲೆ ತಗೊಂಡು ಹೋಗಿ ಸಮುದ್ರದಲ್ಲಿ ಅರ್ಧ ಸುತ್ತು ಬಿಟ್ಟು ಬರ್ತಾರೆ, ಬಲೆಯ ಎರಡೂ ತುದಿಯ ಹಗ್ಗ ದಡದಲ್ಲಿ ಇರುತ್ತೆ, ಎರಡು ಗುಂಪು ಅದನ್ನ ಎಳೀತಾ ಎಳೀತಾ ಒಂದಕ್ಕೊಂದು ಹತ್ರ ಬರ್ತಾರೆ, ಬಲೆ ಸಣ್ಣದಾಗ್ತಾ ದಡಕ್ಕೆ ಬರುತ್ತೆ. ಒಬ್ಬಿಬ್ಬರ ಕೈಲಿ ಆಗೋ ಕೆಲಸ ಅಲ್ಲವೇ ಅಲ್ಲ, ಊರೇ ಬೇಕು. ಬಂದ ಮೀನಲ್ಲಿ ಎಳೆದೋರಿಗೆಲ್ಲಾ ಪಾಲು. ಯಾಂತ್ರಿಕ ಬೋಟುಗಳು ಬಂದ ಮೇಲೆ ದಡದ ಹತ್ರ ಬರೋ ಮೀನೇ ಕಮ್ಮಿಯಾಗಿ ರಂಪಣಿ ಸೊರಗಿದೆ. ಚಿಕ್ಕಪ್ಪ ಬ್ಯಾಗ್ ಕೆಳಗಿಟ್ಟು ಹೋಗಿ ಹಗ್ಗಕ್ಕೆ ಕೈ ಹಾಕಿದ್ರು, ಯಾರೂ ಬೇಡ ಅನ್ನಲಿಲ್ಲ, ಯಾರು ನೀವು ಅಂತಾನೂ ಕೇಳಲಿಲ್ಲ. ಅರ್ಧ ಗಂಟೆ ಎಳೆದ್ರು. ಬಂಗಡೆ ಇರಲಿಲ್ಲ, ಸಣ್ಣ ಸಣ್ಣ ಬೆಳ್ಳಿ ಬಣ್ಣದ ಮೀನು, ಸ್ವಲ್ಪ ಸಿಗಡಿ, ನಾಲ್ಕು ಏಡಿ. ಒಬ್ಬರು ಅಜ್ಜ ಒಂದು ಹಿಡಿ ಮೀನು ಕೊಡೋಕೆ ಬಂದ್ರು, "ಅಡುಗೆ ಮಾಡೋಕೆ ಜಾಗ ಇಲ್ಲ ಅಜ್ಜಾ, ನಡ್ಕೊಂಡು ಹೋಗ್ತಿದ್ದೀವಿ" ಅಂದ್ರು ಚಿಕ್ಕಪ್ಪ.

ಅಲ್ಲಿಂದ ಮುಂದೆ ಮಂಗೋಡ್ಲು, ಕಡ್ಲೆ ಬೀಚು. ಈ ಕರಾವಳಿ ಉದ್ದಕ್ಕೂ ಒಂದೇ ಬೀಚ್ ಅಲ್ಲ, ಇದನ್ನ ಮ್ಯಾಪಲ್ಲಿ ನೋಡಿದ್ರೆ ಗೊತ್ತಾಗಲ್ಲ, ಕಾಲಿಗೆ ಗೊತ್ತಾಗುತ್ತೆ. ಘಟ್ಟದ ಕೈಗಳು ಅಲ್ಲಲ್ಲಿ ಸಮುದ್ರದ ತನಕ ಚಾಚ್ಕೊಂಡಿವೆ, ಎರಡು ಗುಡ್ಡದ ಮಧ್ಯೆ ಒಂದು ಮರಳಿನ ಬೀಚು, ಅದು ಮುಗಿದ ಕೂಡ್ಲೇ ಮತ್ತೆ ಗುಡ್ಡ. ಗುಡ್ಡದ ಮೇಲೆ ಚಿರೆಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಕೆಳಗೆ ನೀರಿನ ಅಂಚಲ್ಲಿ ಕಪ್ಪು ಬಂಡೆ. ಚಿರೆಕಲ್ಲಿನ ಮೇಲೆ ಮಣ್ಣು ಇರೋದೇ ಎರಡು ಬೆರಳಷ್ಟು, ಅದಕ್ಕೇ ದೊಡ್ಡ ಮರ ಬೆಳೆಯಲ್ಲ, ಮಳೆಗಾಲದಲ್ಲಿ ಹಸಿರು ಹುಲ್ಲು, ಜನವರಿ ಹೊತ್ತಿಗೆ ಒಣಗಿ ಬಂಗಾರದ ಬಣ್ಣ. ಇದಕ್ಕೆ ಈ ಕಡೆ ಬೇಣ ಅಂತಾರೆ. ಬೇಣದಲ್ಲಿ ನಡೆಯೋವಾಗ ಎಡಗಡೆ ಕೆಳಗೆ ಸಮುದ್ರ, ಬಲಗಡೆ ತೆಂಗಿನ ತೋಟ, ಗದ್ದೆ, ಅದರ ಹಿಂದೆ ದೂರದಲ್ಲಿ ನೀಲಿ ಘಟ್ಟ, ಮೂರೂ ಒಂದೇ ಸಲ ಕಣ್ಣಿಗೆ ಬೀಳುತ್ತೆ. ಬೀಚಲ್ಲಿ ನಿಂತು ನೋಡಿದ್ರೆ ಇದು ಯಾವತ್ತೂ ಕಾಣಲ್ಲ.

ಇನ್ನೊಂದು ಮಾತು ಇಲ್ಲೇ ಹೇಳ್ಬೇಕು. ಈ ಕಾಲುದಾರಿ ಟ್ರೆಕ್ಕಿಂಗ್ ಮಾಡೋರಿಗೆ ಅಂತ ಯಾರೂ ಮಾಡಿದ್ದಲ್ಲ. ಕಡ್ಲೆ ಗುಡ್ಡ ಇಳಿಯೋವಾಗ ಎದುರಿಗೆ ಇಬ್ಬರು ಹೆಂಗಸರು ತಲೆ ಮೇಲೆ ದರಕಿನ ಹೆಡಿಗೆ ಹೊತ್ಕೊಂಡು ಹತ್ತಿ ಬರ್ತಿದ್ರು (ದರಕು ಅಂದ್ರೆ ಒಣಗಿದ ಎಲೆ, ಕೊಟ್ಟಿಗೆಗೆ ಹಾಸೋಕೆ, ಗೊಬ್ಬರಕ್ಕೆ). ಮೀನು ಮಾರೋರು, ದನ ಹೊಡ್ಕೊಂಡು ಹೋಗೋರು, ಆ ಕಡೆ ಊರಿಗೆ ಮದುವೆಯಾಗಿ ಹೋದ ಮಗಳನ್ನ ನೋಡೋಕೆ ಹೋಗೋರು, ಶಾಲೆ ಮಕ್ಕಳು, ಇವರು ತಲೆತಲಾಂತರದಿಂದ ಓಡಾಡಿ ಸವೆಸಿದ ದಾರಿ ಇದು. ನಾವು ಅವರ ದಾರೀಲಿ ನಡೀತಿದ್ದೀವಿ. ಇದನ್ನ ತಲೇಲಿ ಇಟ್ಕೊಂಡ್ರೆ ಪ್ಲಾಸ್ಟಿಕ್ ಬಾಟ್ಲು ಎಸೆಯೋಕೆ ಕೈ ಬರಲ್ಲ.

ಬಾಡ ಸೇರಿದಾಗ ಸಂಜೆ. ಹೋಂಸ್ಟೇ ಅಂದ್ರೆ ಒಂದು ಮನೆ, ಗಾಳಿಮರದ ತೋಪಿನ ಪಕ್ಕ, ಹಿಂದಿನ ಎರಡು ರೂಮು ಬಾಡಿಗೆಗೆ. ಆ ಮನೆಯಮ್ಮ ನಮ್ಮ ಬೂಟು ನೋಡಿ "ಎಲ್ಲಿಂದ ಬಂದ್ರಿ? ಗೋಕರ್ಣಕ್ಕೆ ನಡ್ಕಂಡೇ ಹೋಗೂದಾ? ಬಸ್ಸಿತ್ತಲ್ರಾ" ಅಂದ್ರು, ಆಮೇಲೆ ತಾವೇ "ನಮ್ಮ ಅತ್ತೆ ಶಿವರಾತ್ರಿಗೆ ನಡ್ಕಂಡೇ ಹೋಗ್ತಿದ್ರು ಮೊದಲು" ಅಂದ್ರು. ರಾತ್ರಿ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಮುರುಗಲ ಹಣ್ಣಿನ ಕಡಿ. ನನಗೆ ಇಷ್ಟು ರುಚಿಯಾಗಿ ಊಟ ಮಾಡಿದ ನೆನಪಿಲ್ಲ, ನಡೆದ ಹಸಿವೂ ಇರಬಹುದು, ಆದರೆ ಆ ಸಾರು ನಿಜವಾಗ್ಲೂ ಚೆನ್ನಾಗಿತ್ತು.

ಶನಿವಾರ, ಅಘನಾಶಿನಿ

ಇವತ್ತಿನ ನಡಿಗೆ ಕಮ್ಮಿ, ನೋಡೋದು ಜಾಸ್ತಿ. ಬಾಡದಿಂದ ಕಾಗಾಲ ಕಡೆ ಹೋಗೋ ಮರಳಿನ ದಡ ಉದ್ದಕ್ಕೆ ನೇರವಾಗಿದೆ, ಇದನ್ನೇ ಈಗ ನಿರ್ವಾಣ ಬೀಚ್ ಅಂತ ಕರೀತಾರೆ. ಬೆಳಿಗ್ಗೆ ಆರೂವರೆಗೆ ಹೊರಟಾಗ ಒಬ್ಬರೂ ಇಲ್ಲ, ಒದ್ದೆ ಮರಳಲ್ಲಿ ಏಡಿ ಬಿಲಗಳ ಸುತ್ತ ಸಣ್ಣ ಸಣ್ಣ ಮರಳುಂಡೆ, ನೇರಳೆ ಹೂ ಬಿಡೋ ಬಳ್ಳಿ ದಿಬ್ಬದ ಮೇಲೆಲ್ಲಾ ಹಬ್ಬಿದೆ. ಮರಳು ಜಾರದ ಹಾಗೆ ಹಿಡಿಯೋದು ಆ ಬಳ್ಳೀನೇ. ಬರಿಗಾಲಲ್ಲಿ ನಡೆದ್ವಿ. ಒಣ ಮರಳಲ್ಲಿ ನಡೆದ್ರೆ ಮೀನಖಂಡ ಹಿಡ್ಕೊಳ್ಳುತ್ತೆ, ನೀರಿನ ಅಂಚಲ್ಲಿ ಗಟ್ಟಿ ಮರಳಿರುತ್ತೆ, ಅಲ್ಲೇ ನಡೀರಿ.

ಮರಳು ಮುಗಿದು ಗುಡ್ಡ ಹತ್ತಿ ಇಳಿದ್ರೆ ಅಘನಾಶಿನಿ ಅನ್ನೋ ಊರು. ನದಿ ಹೆಸರೇ ಊರಿಗೂ. ಗುಡ್ಡದ ಮೇಲಿಂದ ಅಳಿವೆ ಕಾಣಿಸಿದಾಗ ಇಬ್ಬರೂ ಸುಮ್ನೆ ನಿಂತುಬಿಟ್ವಿ. ಒಂದು ಕಡೆಯಿಂದ ನದಿಯ ಹಸಿರು ನೀರು, ಇನ್ನೊಂದು ಕಡೆಯಿಂದ ಸಮುದ್ರದ ನೀಲಿ, ಮಧ್ಯೆ ಎರಡೂ ಸೇರೋ ಕಡೆ ಒಂದು ಗೆರೆ, ಆಚೆ ದಡದಲ್ಲಿ ತದಡಿಯ ಬೋಟುಗಳು.

ಈ ನದಿ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಶಿರಸಿ ಹತ್ರ ಹುಟ್ಟಿ, ಘಟ್ಟದ ಕಾಡಲ್ಲಿ ಸುತ್ತಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಇಲ್ಲಿಗೆ ಬರುತ್ತೆ. ಪಕ್ಕದ ಶರಾವತಿಗೆ ಅಣೆಕಟ್ಟು, ಕಾಳಿಗೆ ಅಣೆಕಟ್ಟು, ಅಘನಾಶಿನಿಗೆ ಮಾತ್ರ ಒಂದೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಮಣ್ಣು, ಎಲೆ ಕೊಳೆತ ಸಾರ ಎಲ್ಲಾ ತಡೆ ಇಲ್ಲದೆ ಅಳಿವೆಗೆ ಬರುತ್ತೆ, ದಿನಾ ಉಬ್ಬರದಲ್ಲಿ ಸಮುದ್ರದ ನೀರು ಒಳಗೆ ಹೋಗಿ ಇಳಿತದಲ್ಲಿ ವಾಪಸ್ ಬರುತ್ತೆ, ಈ ಸಿಹಿ-ಉಪ್ಪು ಬೆರಕೆ ನೀರಲ್ಲೇ ಬಳಚು (ಚಿಪ್ಪು ಮೀನು), ಸಿಗಡಿ, ಏಡಿ, ಮೀನು ಮರಿ ಎಲ್ಲಾ ಬೆಳೆಯೋದು. ದಂಡೆ ಉದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಬೇರು ನೀರಿಂದ ಮೇಲೆ ಎದ್ದು ನಿಂತಿರುತ್ತೆ, ಆ ಬೇರಿನ ಸಂದಿ ಮೀನು ಮರಿಗಳಿಗೆ ತೊಟ್ಟಿಲು. 2024ರ ಜನವರಿ ಕೊನೇಲಿ ಈ ಅಳಿವೆಗೆ ರಾಮ್ಸಾರ್ ತಾಣ ಅನ್ನೋ ಮಾನ್ಯತೆ ಸಿಕ್ತು, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ. ಅದಕ್ಕೂ ಮುಂಚೆ ಇಲ್ಲಿಗೆ ಉಷ್ಣ ವಿದ್ಯುತ್ ಸ್ಥಾವರ ಬರುತ್ತೆ, ದೊಡ್ಡ ಬಂದರು ಬರುತ್ತೆ ಅಂತೆಲ್ಲಾ ಯೋಜನೆ ಇತ್ತು, ಊರಿನ ಜನ ವಿರೋಧ ಮಾಡ್ತಾನೇ ಬಂದ್ರು. ಅವರು ಹಠ ಹಿಡೀದೆ ಇದ್ದಿದ್ರೆ ನಾವು ಇವತ್ತು ಗುಡ್ಡದ ಮೇಲೆ ನಿಂತು ಏನು ನೋಡ್ತಿದ್ವೋ.

ಇಳಿತದ ಹೊತ್ತು, ಕೆಳಗೆ ನದಿ ಮಧ್ಯದ ದಿಬ್ಬದಲ್ಲಿ ಜನ ಸೊಂಟದ ತನಕ ನೀರಲ್ಲಿ ನಿಂತು ಬಳಚು ಹೆಕ್ತಿದ್ರು. ಕಾಲಲ್ಲಿ ಮರಳು ಕೆದಕಿ, ಬಗ್ಗಿ, ಬುಟ್ಟಿಗೆ ಹಾಕೋದು. ಉಬ್ಬರ ಬರೋ ತನಕ ಮಾತ್ರ ಟೈಮು. ದಡದಲ್ಲಿ ಬುಟ್ಟಿ ಇಟ್ಟು ಕೂತಿದ್ದ ಒಬ್ಬ ಅಕ್ಕನ್ನ ಮಾತಾಡಿಸಿದ್ವಿ, ಮಳೆಗಾಲ ಬಿಟ್ಟು ಬಾಕಿ ದಿನ ಇದೇ ಕೆಲಸ ಅಂದ್ರು, ಮಕ್ಕಳ ಶಾಲೆ ಫೀಸು ಈ ನೀರಿಂದಲೇ ಅಂದ್ರು. "ಹೊಳೆ ಸರಿ ಇದ್ರೆ ನಾವು ಸರಿ ಇರ್ತ್ವು."

ಗಜನಿ ಗದ್ದೆಗಳನ್ನೂ ಚಿಕ್ಕಪ್ಪ ತೋರಿಸಿದ್ರು. ಅಳಿವೆ ಪಕ್ಕದ ತಗ್ಗು ಗದ್ದೆಗೆ ಒಡ್ಡು ಕಟ್ಟಿರ್ತಾರೆ, ಮಳೆ ನೀರು ಬಂದು ಉಪ್ಪು ತೆಳುವಾದಾಗ ಕಗ್ಗ ಅನ್ನೋ ಭತ್ತ ಬಿತ್ತುತಾರೆ. ಅದು ಉಪ್ಪು ನೀರನ್ನೂ ತಡ್ಕೊಂಡು, ನೆರೆ ನಿಂತ್ರೂ ಸಾಯದೆ ಬೆಳೆಯೋ ತಳಿ, ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು. ಈಗ ಕಗ್ಗ ಬೆಳೆಯೋರು ತುಂಬಾ ಕಮ್ಮಿ ಆಗಿದ್ದಾರೆ, ಒಡ್ಡು ಒಡೆದ್ರೆ ರಿಪೇರಿ ಮಾಡೋಕೆ ಜನ ಇಲ್ಲ. ಸಮುದ್ರ ಮಟ್ಟ ಏರುತ್ತೆ ಅಂತ ಲೋಕ ಎಲ್ಲಾ ತಲೆ ಕೆಡಿಸ್ಕೊಂಡಿರೋ ಕಾಲದಲ್ಲಿ ಉಪ್ಪು ನೀರಲ್ಲಿ ಬೆಳೆಯೋ ಭತ್ತದ ಬೀಜ ನಮ್ಮದೇ ರಾಜ್ಯದ ಒಂದು ಮೂಲೇಲಿ ಕೈ ಜಾರಿ ಹೋಗ್ತಿದೆ ಅನ್ನೋದು ನನಗೆ ಸಂಕಟ ಆಯ್ತು.

ತಾರಿ ದಾಟೋಕೆ ಬಾರ್ಜ್ ಇದೆ, ಬೈಕುಗಳನ್ನೂ ಹಾಕ್ಕೊಂಡು ಹೋಗುತ್ತೆ. ಹತ್ತೇ ನಿಮಿಷ. ಆಚೆ ತದಡಿ, ಮೀನು ಬಂದರು, ಬಲೆ ಹೊಲಿಯೋರು, ಐಸ್ ಲಾರಿ, ಗರುಡಗಳ ಗುಂಪು. ಅಲ್ಲಿಂದ ಆಟೋದಲ್ಲಿ ಗೋಕರ್ಣ. ದಾರೀಲಿ ಸಾಣಿಕಟ್ಟಾದ ಉಪ್ಪಿನ ಆಗರ ಸಿಗುತ್ತೆ, ಆಟೋ ನಿಲ್ಲಿಸಿ ಇಳಿದ್ವಿ. ಉಬ್ಬರದ ನೀರನ್ನ ಒಳಗೆ ತಗೊಂಡು ಒಂದು ಮಡಿಯಿಂದ ಇನ್ನೊಂದು ಮಡಿಗೆ ಹಾಯಿಸ್ತಾ ಬಿಸಿಲಿಗೆ ಇಂಗಿಸ್ತಾರೆ, ಕೊನೇ ಮಡೀಲಿ ಉಪ್ಪು. ನಾವು ಹೋದಾಗ ಮಡಿಗಳ ತಳ ತುಳಿದು ಹದ ಮಾಡೋ ಕೆಲಸ ನಡೀತಿತ್ತು. ಇದೇ ಕರಾವಳೀಲಿ, ಪಕ್ಕದ ಅಂಕೋಲಾದಲ್ಲಿ, 1930ರ ಉಪ್ಪಿನ ಸತ್ಯಾಗ್ರಹ ನಡೆದಿದ್ದು. ಆಗರ ನೋಡಿದ ಮೇಲೆ ಅದು ಯಾಕೆ ಅಂಕೋಲಾದಲ್ಲೇ ನಡೀತು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ, ಉಪ್ಪು ಇಲ್ಲಿನ ಜನರ ಕೈಕೆಲಸ, ಅದಕ್ಕೆ ತೆರಿಗೆ ಹಾಕಿದ್ರೆ ಮೊದಲು ಉರಿಯೋದು ಇವರಿಗೇ.

ಭಾನುವಾರ, ಬೆಲೆಕಾನ್‌ನಿಂದ ಗೋಕರ್ಣ

ಬೆಳಿಗ್ಗೆ ಮತ್ತೆ ಆಟೋದಲ್ಲಿ ತದಡಿ ಕಡೆ ಬಂದು ಬೆಲೆಕಾನ್ ಬೀಚಲ್ಲಿ ಇಳಿದ್ವಿ, ನಿನ್ನೆ ಬಿಟ್ಟ ಕಡೆಯಿಂದಲೇ ದಾರಿ ಮುಂದುವರೀಲಿ ಅಂತ. ಪೂರ್ತಿ ದಾರೀಲಿ ಅತ್ಯಂತ ಚಂದದ ತುಂಡು ಇದು, ಅತ್ಯಂತ ಕಷ್ಟದ್ದೂ ಇದೇ. ಬೆಲೆಕಾನ್ ಮುಗಿದ ಮೇಲೆ ಬಂಡೆ ಮೇಲಿಂದ, ಪೊದೆ ಒಳಗಿಂದ, ಕೆಲವು ಕಡೆ ಅಂಚಿನ ಪಕ್ಕದಲ್ಲೇ ಒಂದಾಳು ಹೋಗೋಷ್ಟು ದಾರಿ, ಜಲ್ಲಿ ಥರದ ಚಿರೆಕಲ್ಲಿನ ಹರಳು ಕಾಲ ಕೆಳಗೆ ಉರುಳುತ್ತೆ. ಚಪ್ಪಲೀಲಿ ಬರಬೇಡಿ. ಚಿಕ್ಕಪ್ಪ ಕೋಲು ಹಿಡ್ಕೊಂಡು ಮುಂದೆ, ನಾನು ಹಿಂದೆ. "ನೋಡ್ಕೊಂಡು ಬಾ ಪುಟ್ಟೀ, ಅವಸರ ಇಲ್ಲ" ಅಂತ ಹೇಳ್ತಾನೇ ಇದ್ರು.

ಪ್ಯಾರಡೈಸ್ ಬೀಚಿಗೆ ಗಾಡಿ ಹೋಗೋ ರಸ್ತೆ ಇಲ್ಲ, ದೋಣೀಲಿ ಬರಬೇಕು, ಇಲ್ಲಾ ನಡೀಬೇಕು. ಸಣ್ಣ ಕೊಲ್ಲಿ, ಸುತ್ತ ಬಂಡೆ. ಅಲ್ಲಿಂದ ಹಾಫ್ ಮೂನ್ ಕಡೆ ಏರೋವಾಗ ಕೆಳಗೆ ನೀರಲ್ಲಿ ಡಾಲ್ಫಿನ್ ಬೆನ್ನು ಕಾಣಿಸ್ತು, ಎರಡು, ಆಮೇಲೆ ಮೂರನೇದು, ಏಳೋದು ಮುಳುಗೋದು, ದಕ್ಷಿಣಕ್ಕೆ ಹೋಗ್ತಿದ್ವು. ಅಳಿವೆ ಬಾಯಿಗೆ ಮೀನು ಹುಡುಕ್ಕೊಂಡು ಹೋಗ್ತಿರಬೇಕು ಅಂತ ನಾವಂದ್ಕೊಂಡ್ವಿ. ಹಾಫ್ ಮೂನ್‌ನಲ್ಲಿ ನಿಂಬೆ ಸೋಡಾ ಕುಡಿದು ಬಿಸಿಲು ಇಳಿಯೋ ತನಕ ಮಲಗಿದ್ವಿ. ಮಧ್ಯಾಹ್ನ ಚಿರೆಕಲ್ಲು ಕಾದು ಮೇಲಿಂದಲೂ ಕೆಳಗಿಂದಲೂ ಶಾಖ ಹೊಡೆಯುತ್ತೆ, ಆ ಹೊತ್ತಲ್ಲಿ ನಡೆಯೋದು ಬೇಡವೇ ಬೇಡ.

ಓಂ ಬೀಚು ಮೇಲಿಂದ ನೋಡಿದ್ರೆ ನಿಜಕ್ಕೂ ಓಂ ಆಕಾರದಲ್ಲಿದೆ, ಎರಡು ಅರ್ಧ ವೃತ್ತ, ಮಧ್ಯೆ ಚಾಚಿದ ಬಂಡೆ. ಭಾನುವಾರ ಆಗಿದ್ರಿಂದ ಕೆಳಗೆ ಜನಜಂಗುಳಿ, ಜೆಟ್ ಸ್ಕೀ ಸದ್ದು. ಬೇಗ ದಾಟಿ ಕುಡ್ಲೆ ಕಡೆ ಹೊರಟ್ವಿ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಈ ಬಂಡೆಗಳ ಹತ್ರ ಈಜೋಕೆ ಇಳೀಬೇಡಿ, ಬಂಡೆ ತುದೀಲಿ ನಿಂತು ಸೆಲ್ಫಿ ತಗೋಬೇಡಿ. ಪ್ರತಿ ವರ್ಷ ಇಲ್ಲಿ ನೀರು ಪಾಲಾಗೋರು ಹೆಚ್ಚಾಗಿ ಒಳನಾಡಿಂದ ಬಂದ ನಮ್ಮಂಥ ಹುಡುಗ್ರೇ. ಲೈಫ್‌ಗಾರ್ಡ್ ಸೀಟಿ ಊದಿದ್ರೆ ಹೊರಗೆ ಬನ್ನಿ.

ಕುಡ್ಲೆ ದಾಟಿ ಗುಡ್ಡ ಇಳಿಯೋ ಕಡೆ ರಾಮತೀರ್ಥ ಇದೆ. ಸಮುದ್ರದ ಪಕ್ಕದಲ್ಲೇ ಗುಡ್ಡದ ಸಂದಿಂದ ಸಿಹಿ ನೀರು ಬರ್ತಿರುತ್ತೆ, ಜನವರೀಲೂ. ಈ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ, ಅದನ್ನ ತೂತು ತೂತಿನ ಚಿರೆಕಲ್ಲು ಹೀರ್ಕೊಂಡು ನಿಧಾನಕ್ಕೆ ಬುಡದಲ್ಲಿ ಬಿಡುತ್ತೆ. ಗುಡ್ಡ ಮೇಲೆ ಬೋಳಾಗಿ ಕಂಡ್ರೂ ಕೆಳಗಿನ ಬಾವಿಗಳಿಗೆಲ್ಲಾ ನೀರು ಕೊಡೋದು ಅದೇ. ಚಿರೆಕಲ್ಲು ಕೋರೆ, ರೆಸಾರ್ಟು ಅಂತ ಈ ಗುಡ್ಡದ ನೆತ್ತಿ ಕೊರೆದ್ರೆ ಕೆಳಗಿನ ಊರಿನ ಬಾವಿ ಕೇಳೋರ್ಯಾರು? ಬೊಗಸೆ ನೀರು ಕುಡಿದು ಮುಖ ತೊಳೆದು ಊರಿಗೆ ಇಳಿದ್ವಿ.

ಸಂಜೆ ಮಹಾಬಲೇಶ್ವರನ ದರ್ಶನ. ರಾವಣ ಆತ್ಮಲಿಂಗ ತರ್ತಿದ್ದಿದ್ದು, ಸಂಧ್ಯಾವಂದನೆ ಹೊತ್ತಲ್ಲಿ ಬಾಲಕನ ವೇಷದ ಗಣಪತಿ ಅದನ್ನ ನೆಲಕ್ಕಿಟ್ಟಿದ್ದು, ರಾವಣ ಎಳೆದಾಗ ಚೂರುಗಳು ಹೋಗಿ ಧಾರೇಶ್ವರ, ಗುಣವಂತೆ, ಮುರುಡೇಶ್ವರ, ಸಜ್ಜೇಶ್ವರದಲ್ಲಿ ಬಿದ್ದಿದ್ದು, ಈ ಕಥೆ ಯಾರಿಗೆ ಗೊತ್ತಿಲ್ಲ ಹೇಳಿ. ಕಾಲಲ್ಲಿ ಬಂದು ದರ್ಶನ ಮಾಡಿದ್ದಕ್ಕೋ ಏನೋ, ಚಿಕ್ಕಪ್ಪ ತುಂಬಾ ಹೊತ್ತು ಕಣ್ಣು ಮುಚ್ಚಿ ಕೂತಿದ್ರು.

ಸೋಮವಾರ, ಯಾಣ

ಸಮುದ್ರ ಬಿಟ್ಟು ಘಟ್ಟಕ್ಕೆ. ಒಂದು ಕಾರು ಮಾಡ್ಕೊಂಡು ಕತಗಾಲ ದಾಟಿ ದೇವಿಮನೆ ಘಟ್ಟದ ಕಡೆ ಹೋದ್ವಿ. ಹೆದ್ದಾರಿ ಪಕ್ಕ ಗುಡ್ಡಗಳನ್ನ ನೇರಕ್ಕೆ ಗೋಡೆ ಥರ ಕಡಿದಿರೋದು ನೋಡಿದ್ರೆ ಭಯ ಆಗುತ್ತೆ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಲ್ಲಿ ಇಂಥದ್ದೇ ಗುಡ್ಡ ಹೆದ್ದಾರಿ ಮೇಲೆ ಕುಸಿದು ಎಷ್ಟು ಮನೆ ಕಣ್ಣೀರು ಹಾಕಿದ್ವು. ಡ್ರೈವರ್ ಅಣ್ಣನೂ ಆ ಮಾತು ಬಂದಾಗ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ.

"ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅಂತ ಹಳೇ ಗಾದೆ. ಮೈಯಲ್ಲಿ ಕಸುವು ಇದ್ದೋರು ಮಾತ್ರ ಕಾಡಲ್ಲಿ ನಡೆದು ಯಾಣ ಮುಟ್ಟೋಕೆ ಆಗ್ತಿತ್ತು. ಚಿಕ್ಕಪ್ಪ ಬ್ಯಾಂಕ್ ಗೆಳೆಯರ ಜೊತೆ ಬಂದಾಗ ಬಸ್ ಇಳಿದು ಮೈಲಿಗಟ್ಲೆ ನಡೆದಿದ್ರಂತೆ, ಉಂಬಳ (ಜಿಗಣೆ) ಹತ್ತಿಸ್ಕೊಂಡು. ಈಗ ರಸ್ತೆ ಹತ್ರದ ತನಕ ಬಂದಿದೆ, ಕೊನೇ ತುಂಡು ಮಾತ್ರ ನಡೀಬೇಕು, ಹಳ್ಳದ ಪಕ್ಕ, ದಟ್ಟ ನೆರಳಲ್ಲಿ. ವಯಸ್ಸಾದವರೂ ನೋಡೋ ಹಾಗಾಯ್ತು, ಅದು ಒಳ್ಳೇದೇ.

ಮರಗಳ ಮಧ್ಯೆ ತಲೆ ಎತ್ತಿದ್ರೆ ಇದ್ದಕ್ಕಿದ್ದ ಹಾಗೆ ಭೈರವೇಶ್ವರ ಶಿಖರ, 120 ಮೀಟರ್ ಎತ್ತರ, ಕಪ್ಪು, ಚೂಪು. ಪಕ್ಕದ ಮೋಹಿನಿ ಶಿಖರ 90 ಮೀಟರ್. ಸುತ್ತ ಎಲ್ಲಾ ಕೆಂಪು ಮಣ್ಣಿನ ನಾಡಲ್ಲಿ ಇವು ಮಾತ್ರ ಸುಣ್ಣದ ಕಲ್ಲು, ಲಕ್ಷಾಂತರ ವರ್ಷದ ಮಳೆ ನೀರು ಸುಣ್ಣನ ಕರಗಿಸಿ ಕರಗಿಸಿ ಉಳಿದಿರೋ ಆಕಾರ ಇದು. ಭಸ್ಮಾಸುರ ಇಲ್ಲೇ ಬೂದಿಯಾದ, ಅದಕ್ಕೇ ನೆಲ ಕಪ್ಪು ಅಂತ ಸ್ಥಳಪುರಾಣ. ಶಿಖರದ ಬುಡದ ಗುಹೇಲಿ ಲಿಂಗ, ಮೇಲಿಂದ ಬಂಡೆ ಸಂದಿಂದ ಹನಿ ಹನಿ ನೀರು ಬೀಳ್ತಾನೇ ಇರುತ್ತೆ. ಚಪ್ಪಲಿ ಬಿಟ್ಟು ಶಿಖರದ ಸುತ್ತ ಪ್ರದಕ್ಷಿಣೆ ಹೋಗ್ಬಹುದು, ಬಂಡೆ ಸೀಳಿನ ಒಳಗೇ ದಾರಿ, ಎರಡೂ ಕಡೆ ಕಲ್ಲು, ಮೇಲೆ ಒಂದು ಪಟ್ಟಿ ಆಕಾಶ, ತಣ್ಣಗೆ. ಎತ್ತರದಲ್ಲಿ ಹೆಜ್ಜೇನು ಗೂಡುಗಳು ನೇತಾಡ್ತಿರುತ್ತೆ, ದಯವಿಟ್ಟು ಕೂಗಾಡಬೇಡಿ, ಬೆಂಕಿ ಹಚ್ಚಬೇಡಿ.

ಮಧ್ಯಾಹ್ನ ಮೇಲೆ ವಿಭೂತಿ ಫಾಲ್ಸ್ ಕಡೆ ಹೋದ್ವಿ, ಮಾಬಗಿ ಹತ್ರ. ದೊಡ್ಡ ಜಲಪಾತ ಅಲ್ಲ, ಆದರೆ ಕೆಳಗಿನ ಗುಂಡೀಲಿ ಕಾಲು ಇಟ್ಕೊಂಡು ಕೂತ್ರೆ ಏಳೋಕೆ ಮನಸ್ಸು ಬರಲ್ಲ. ಈ ಘಟ್ಟದ ಕಾಡಿನ ಒಂದು ಭಾಗ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಗಿದೆ. ನಮಗೆ ಸಿಂಗಳೀಕ ಕಾಣಿಸ್ಲಿಲ್ಲ. ಕೆಂದಳಿಲು ಒಂದು ಕೊಂಬೆಯಿಂದ ಕೊಂಬೆಗೆ ಹಾರ್ತು, ಮಂಗಟ್ಟೆ ಹಕ್ಕಿ ರೆಕ್ಕೆ ಸದ್ದು ಎರಡು ಸಲ ಕೇಳಿಸ್ತು. ಶನಿವಾರ ಕಂಡ ಅಳಿವೆಯ ಬಳಚಿಗೆ ಬೇಕಾದ ಸಾರ ಇಂಥ ಘಟ್ಟದ ಕಾಡಿನ ಎಲೆಯಿಂದಲೇ ಹೊರಡೋದು ಅಂತ ಚಿಕ್ಕಪ್ಪ ಹೇಳಿದಾಗ ಮೂರು ದಿನ ನಡೆದಿದ್ದೆಲ್ಲಾ ಒಂದೇ ಜಾಗ ಅನ್ನಿಸ್ತು.

ಮಂಗಳವಾರ, ಮಿರ್ಜಾನ್ ಮತ್ತು ಅಪ್ಸರಕೊಂಡ

ಕೊನೇ ದಿನ ಕಾಲಿಗೆ ಸ್ವಲ್ಪ ವಿರಾಮ. ಬೆಳಿಗ್ಗೆ ಮಿರ್ಜಾನ್ ಕೋಟೆ. ಚಿರೆಕಲ್ಲಿನ ಕೋಟೆ, ಸುತ್ತ ಕಂದಕ, ದುಂಡನೆ ಬುರುಜುಗಳು, ಒಳಗೆ ಬಾವಿಗಳು, ಗೋಡೆ ತುಂಬಾ ಪಾಚಿ, ಬಳ್ಳಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಹೆಸರು ಈ ಕೋಟೆ ಜೊತೆ ಸೇರ್ಕೊಂಡಿದೆ, ಪೋರ್ಚುಗೀಸರು ಅವಳನ್ನ ಕಾಳುಮೆಣಸಿನ ರಾಣಿ ಅಂತ ಕರೀತಿದ್ರು. ಘಟ್ಟದ ಮೆಣಸು ಹೊಳೆ ಹಿಡಿದು ಸಮುದ್ರಕ್ಕೆ ಹೋಗೋ ದಾರೀಲೇ ಕೋಟೆ ನಿಂತಿದೆ, ಬುರುಜಿನ ಮೇಲೆ ಹತ್ತಿದ್ರೆ ಆ ಲೆಕ್ಕ ಕಣ್ಣಿಗೇ ಕಾಣುತ್ತೆ. ಬಿಸಿಲು ಏರೋ ಮೊದಲು ಹೋಗಿ.

ಆಮೇಲೆ ಬಸ್ಸಲ್ಲಿ ಹೊನ್ನಾವರ, ಅಲ್ಲಿಂದ ಕಾಸರಕೋಡು. 2020ರಲ್ಲಿ ಬ್ಲೂ ಫ್ಲಾಗ್ (ಸ್ವಚ್ಛ ಬೀಚುಗಳಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಬೀಚು ಇದು, ಕ್ಲೀನಾಗಿದೆ, ನಿಜ. ಹತ್ರದಲ್ಲೇ ಶರಾವತಿ ಹಿನ್ನೀರಿನ ಕಾಂಡ್ಲಾ ಮಧ್ಯೆ ಮರದ ಹಲಗೆ ದಾರಿ ಮಾಡಿದ್ದಾರೆ, ಮಕ್ಕಳನ್ನ ಕರ್ಕೊಂಡು ಹೋಗೋಕೆ ತುಂಬಾ ಒಳ್ಳೇ ಜಾಗ. ಇಲ್ಲಿನ ದಡಕ್ಕೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡೋಕೆ ಬರುತ್ವೆ. ಮೀನುಗಾರರೇ ಎಷ್ಟೋ ಸಲ ಗೂಡು ಗುರುತಿಸಿ ಅರಣ್ಯ ಇಲಾಖೆಗೆ ಹೇಳ್ತಾರೆ, ಬಲೆ ಸುತ್ತಿ ಬೇಲಿ ಹಾಕಿ ಕಾಯ್ತಾರೆ.

ಅಪ್ಸರಕೊಂಡದಲ್ಲಿ ಜಲಪಾತ ಜನವರಿ ಹೊತ್ತಿಗೆ ಸಣ್ಣ ಧಾರೆ, ಕೆಳಗೆ ಕೊಂಡ. ಮೇಲಿನ ಗುಡ್ಡಕ್ಕೆ ಹತ್ತಿದ್ವಿ, ಅಲ್ಲಿಂದ ಉತ್ತರಕ್ಕೆ ತಿರುಗಿದ್ರೆ ಕಡಲ ದಂಡೆ ಒಂದರ ಹಿಂದೊಂದು ಗುಡ್ಡ, ಒಂದರ ಹಿಂದೊಂದು ಬೀಚು. ಚಿಕ್ಕಪ್ಪ ಕೋಲು ಎತ್ತಿ "ನಾವು ನಡೆದಿದ್ದು ಆ ಕಡೆ" ಅಂತ ತೋರಿಸಿದ್ರು. ಆಮೇಲೆ ಹೊನ್ನಾವರದಲ್ಲಿ ಊಟ ಮಾಡಿ ಸಂಜೆ ರೈಲು ಹತ್ತಿದ್ವಿ.

ಹೋಗೋರಿಗೆ ಒಂದೆರಡು ಮಾತು. ನವೆಂಬರ್ ಕೊನೆಯಿಂದ ಫೆಬ್ರವರಿ ತನಕ ಸರಿಯಾದ ಕಾಲ. ಮಾರ್ಚ್, ಏಪ್ರಿಲಲ್ಲಿ ಹೋದ್ರೆ ಬಿಸಿಲು ತಡೆಯೋಕಾಗಲ್ಲ, ಆದರೆ ಹೆದ್ದಾರಿ ಪಕ್ಕ ಕುಮಟಾದ ಸಿಹಿ ಈರುಳ್ಳಿ ಜಡೆ ಕಟ್ಟಿ ನೇತು ಹಾಕಿರ್ತಾರೆ, ಬಸ್ಸಲ್ಲಿ ಹೋದೋರು ತಪ್ಪದೆ ತಗೊಳ್ಳಿ. ಮಳೆಗಾಲದಲ್ಲಿ ಈ ಬಂಡೆಗಳ ಮೇಲೆ ನಡೆಯೋ ಯೋಚನೆನೇ ಬೇಡ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಒಳ್ಳೇ ಹಿಡಿತದ ಶೂ ಬೇಕು. ಬಾರ್ಜಿನ ಟೈಮು ಹಿಂದಿನ ದಿನವೇ ಊರಲ್ಲಿ ಕೇಳಿಟ್ಕೊಳ್ಳಿ. ಗುಡ್ಡದ ಮೇಲೆ ಈಗ ಅಲ್ಲಲ್ಲಿ ಹೊಸ ಬೇಲಿಗಳು ಎದ್ದಿವೆ, ಹಳೇ ಕಾಲುದಾರಿ ಅದರ ಒಳಗೆ ಸಿಕ್ಕಾಕೊಂಡಿದೆ. ಅಂಥ ಕಡೆ ಬೇಲಿ ಹಾರೋಕೆ ಹೋಗ್ಬೇಡಿ, ಕೆಳಗಿನ ಊರಿನ ಯಾರನ್ನಾದ್ರೂ ಕೇಳಿ, ಅವರು ಈಗ ಯಾವ ಕಡೆಯಿಂದ ಸುತ್ತಿ ಹೋಗ್ತಾರೆ ಅಂತ ತೋರಿಸ್ತಾರೆ.